ಬಾಲಗ್ರಹದ ಕಪಾಟು

ಮಳೆ ಬರಬಹುದಿತ್ತು. ಬೇಸಿಗೆಯ ಕೊನೆಯ ಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಪ್ರೆಸ್ಸಿನಿಂದ ಕಾಲೇಜಿಗೆ ಆಟೋದಲ್ಲಿ ಬರುವಷ್ಟರಲ್ಲಿ ಪತ್ರಿಕೆಯ ಕಟ್ಟುಗಳೆಲ್ಲ ತೊಯ್ದು ಮುದ್ದೆಯಾಗಬಹುದಿತ್ತು. ಮೈಸೂರಿನಿಂದ ಬರುವ ಮುಖ್ಯ ಅತಿಥಿಗಳು ರೈಲಿನಲ್ಲಿ ನಿದ್ದೆ ಹೋಗಿ, ಅರಸೀಕೆರೆಯಲ್ಲಿ ಇಳಿಯುವ ಬದಲು ಕಡೂರಿನಲ್ಲೋ ಬೀರೂರಿನಲ್ಲೋ ಕಣ್ಣು ಬಿಡಬಹುದಿತ್ತು. ಮೈಕು ಕಿರುಚಬಹುದಿತ್ತು. ಮೈಕು ಬಾಯಿಯೇ ಬಿಡದಿರಬಹುದಿತ್ತು. ಜನ ಹೆಚ್ಚಾಗಿ ವಡೆ ಸಾಲದೆ ಹೋಗಬಹುದಿತ್ತು. ಜನವೇ ಬಾರದೆ ವಡೆ ಮಿಕ್ಕಿ, ಅದನ್ನು ನಾನು ಬೇಲೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬೇಕಾಗಬಹುದಿತ್ತು. ಪತ್ರಿಕೆಯ ಹೆಸರು ‘ತೆರೆದ ಕಪಾಟು’. ಅದರಲ್ಲಿ ಒಂದು ದೀರ್ಘ, ಒಂದು ಕೊಂಬು ಉದುರಿದರೆ ಸಾಕು, ‘ತೆರೆದ ಕಪಟ’ ಆಗಿಬಿಡುತ್ತಿತ್ತು. ಸರ್ಕಾರಿ ಸಂಬಳ ತಿನ್ನುವವರು ಪತ್ರಿಕೆ ಹೊರಡಿಸಲು ಯಾರ ಅಪ್ಪಣೆ ಪಡೆದಿರಿ ಎಂದು ಸಭೆಯ ನಡುವೆ ಯಾರಾದರೂ ಎದ್ದು ನಿಲ್ಲಬಹುದಿತ್ತು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ನಾವು ಹಾಕಿದ್ದನ್ನು ಕಂಡು, ಅದೇನಪ್ಪ ಅಂಥ ಖಾಸಗಿ ವಿಷಯ ಎಂದು ನಮ್ಮ ಪ್ರಿನ್ಸಿಪಾಲರು ಒಳಗೆ ತೆರೆದು ನೋಡಬಹುದಿತ್ತು. ಕೊನೆಯದಾಗಿ, ಇದೆಲ್ಲ ಸರಿಹೋಗಿ, ಒಬ್ಬನೂ ಅದನ್ನು ಓದದಿರಬಹುದಿತ್ತು.

ಇವನ್ನೆಲ್ಲ ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಅದನ್ನು ತೆಗೆದು ಪೂರ್ತಿ ಓದಿ, “ಭೂಕಂಪ ಬಿಟ್ಟುಬಿಟ್ಟಿದ್ದೀರಲ್ಲ?” ಎಂದಳು. ನಾನು ಸೇರಿಸಿಕೊಂಡೆ.

ಅವತ್ತು ಅರಸೀಕೆರೆಯ ಆ ಕಾಲೇಜಿನ ಗ್ರಂಥಾಲಯದಲ್ಲಿ ಎರಡು ಕಾರ್ಯಕ್ರಮಗಳಿದ್ದವು. ಒಂದು, ಗ್ರಂಥಪಾಲಕರೇ ಬರೆದು, ಗ್ರಂಥಪಾಲಕರೇ ತಿದ್ದಿ, ಗ್ರಂಥಪಾಲಕರಿಗಾಗಿಯೇ ತಂದ ಪತ್ರಿಕೆಯ ಬಿಡುಗಡೆ. ಇನ್ನೊಂದು, ಹಟ ಹಿಡಿದು ಅದನ್ನು ತಂದ ಆ ಕಾಲೇಜಿನ ಗ್ರಂಥಪಾಲಕಿಯ ಬೀಳ್ಕೊಡುಗೆ. ಅವರನ್ನು ನಾವು ಕರೆಯುತ್ತಿದ್ದದ್ದು ‘ಅರಸೀಕೆರೆ ಮೇಡಂ’ ಎಂದು. ನಮ್ಮ ವೃತ್ತಿಯಲ್ಲಿ ಮನುಷ್ಯರಿಗೆ ಹೆಸರಿಗಿಂತ ಊರೇ ಗುರುತು. ಬೇಲೂರಿನ ಕಾಲೇಜಿನಲ್ಲಿರುವ ನಾನು ‘ಬೇಲೂರು ಸಾರ್’. ಹಳೇಬೀಡಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ರಂಗಸ್ವಾಮಿ ಬರೀ ‘ಹಳೇಬೀಡು’.

ಮೇಡಂ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಅದಕ್ಕೆ ಅವರೇ ಕೊಟ್ಟ ಕಾರಣವಿದೆ. ಕಣಕಟ್ಟೆಯ ತೌರುಮನೆಯ ಇನಿಷಿಯಲ್ಲು ಅವರ ಅಂಕಪಟ್ಟಿಯಲ್ಲಿ, ಬಾಣಾವರದ ಗಂಡನ ಮನೆಯ ಇನಿಷಿಯಲ್ಲು ಸಂಬಳದ ಬಿಲ್ಲಿನಲ್ಲಿ. “ನಾನೇನಾದ್ರೂ ಪುಸ್ತಕ ಬರೆದಿದ್ರೆ ಕ್ಯಾಟಲಾಗಿನಲ್ಲಿ ಇಬ್ಬರು ಹೆಂಗಸರಾಗಿಬಿಡ್ತಿದ್ದೆ ಕಣ್ರೀ,” ಎನ್ನುತ್ತಿದ್ದರು. “ಈ ಹೆಸರಿನ ಕಾರ್ಡು ತೆಗೆದರೆ ‘ಆ ಹೆಸರು ನೋಡಿ’ ಅಂತ, ಆ ಹೆಸರಿನ ಕಾರ್ಡು ತೆಗೆದರೆ ‘ಈ ಹೆಸರು ನೋಡಿ’ ಅಂತ. ಹುಡುಕೋನು ತಿರುಗಿ ತಿರುಗಿ ತಲೆಸುತ್ತು ಬಂದು ಮನೆಗೆ ಹೋಗ್ತಿದ್ದ.” ಅವರ ಬಗ್ಗೆ ಬರೆಯುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಾಗಲೂ, “ಬರೀರಿ. ಹೆಸರು ಮಾತ್ರ ಬೇಡ. ಎರಡು ಕಾರ್ಡು ಉಳಿಯುತ್ತೆ” ಎಂದರು.

ಅವರನ್ನು ನಾನು ಮೊದಲು ನೋಡಿದ್ದು ಹೆದರಿಕೊಂಡು. ಕೆಲಸಕ್ಕೆ ಸೇರಿದ ಹೊಸತು. ಬೇಲೂರಿನ ಕಾಲೇಜಿನಲ್ಲಿ ಮೊದಲ ಬಾರಿ ಪುಸ್ತಕಗಳನ್ನು ಎಣಿಸಿ ತಾಳೆ ನೋಡಿದಾಗ ಒಂದಷ್ಟು ಕಾಣಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ. ಮರುಕ್ಷಣ, ಕೆಲಸ ಹೋಗುವುದಿಲ್ಲ, ಸಂಬಳದಲ್ಲಿ ಜೀವನಪರ್ಯಂತ ಮುರಿದುಕೊಳ್ಳುತ್ತಾರೆ ಎಂದುಕೊಂಡೆ. ದೇವಸ್ಥಾನದ ಗೈಡುಗಳು ಪ್ರವಾಸಿಗಳಿಗೆ ಶಿಲಾಬಾಲಿಕೆಯರನ್ನು ತೋರಿಸಿ ಮುಗಿಸಿ, “ಅಗೋ ಅಲ್ಲಿ ಹೋಗ್ತಾ ಇದ್ದಾರಲ್ಲ, ಅವರೇ ಪುಸ್ತಕ ಕಳೆದವರು” ಎಂದು ನನ್ನನ್ನೂ ತೋರಿಸುವವರೆಗೆ ಯೋಚನೆ ಹೋಯಿತು. ಅರಸೀಕೆರೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಕೇಳಿ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆ.

ಹೋದಾಗ ಅವರು ಕಪಾಟಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುವಂಥ ಕುಂಚ. ಒಂದೊಂದೇ ಪುಸ್ತಕ ತೆಗೆದು, ಮೇಲಂಚನ್ನು ಒಮ್ಮೆ ಉಫ್ ಎಂದು ಊದಿ, ಕುಂಚದಿಂದ ಸವರಿ, ಬೆನ್ನನ್ನು ಹೆಬ್ಬೆರಳಲ್ಲಿ ತೀಡಿ ಮತ್ತೆ ಇಡುತ್ತಿದ್ದರು. ಎಣ್ಣೆ ಹಚ್ಚಿ ಮಗುವಿಗೆ ಮೂಗು ತೀಡುತ್ತಾರಲ್ಲ, ಹಾಗೆ. ಆ ಕುಂಚ ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ಇರುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ನಾನು ನನ್ನ ಸಂಕಟವನ್ನೆಲ್ಲ ಹೇಳಿದೆ. ಅವರು ಕುಂಚ ನಿಲ್ಲಿಸದೆ ಕೇಳಿದರು.

“ಯಾವ ಯಾವ ಪುಸ್ತಕ ಕಳೆದಿದೆ?”

ಹೇಳಿದೆ. ಒಂದೆರಡು ಕಾದಂಬರಿ, ಒಂದು ಅಡುಗೆ ಪುಸ್ತಕ, ಸ್ಪರ್ಧಾ ಪರೀಕ್ಷೆಯ ಗೈಡುಗಳು, ಕೋಳಿ ಸಾಕಣೆ.

“ಒಳ್ಳೇ ಪುಸ್ತಕಗಳೇ ಹೋಗಿವೆ,” ಎಂದರು ಸಮಾಧಾನದಿಂದ. “ಯಾರೋ ಓದ್ತಿದ್ದಾರೆ ಬಿಡಿ. ಅದಕ್ಕೆ ಅರ್ಜಿ ಬರೆಯೋ ಕ್ರಮ ಇದೆ, ಹೇಳಿಕೊಡ್ತೀನಿ. ಕಳೆಯದೇ ಇರೋವು ಎಷ್ಟಿದಾವೆ? ಬಂದಾಗಿಂದ ಒಬ್ಬರೂ ಮುಟ್ಟದೇ ಇರೋವು? ಹೆದರಿಕೊಳ್ಳೋದಾದ್ರೆ ಅವನ್ನ ನೋಡಿ ಹೆದರ್ಕೊಳ್ಳಿ.”

ಅವತ್ತಿನಿಂದ ಎರಡಕ್ಕೂ ಹೆದರುತ್ತಿದ್ದೇನೆ.

ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಗುರುತಿಗೆಂದು ಪುಟದ ಮೂಲೆ ಮಡಚಿದ ಹುಡುಗರನ್ನು ಹತ್ತಿರ ಕರೆದು, “ಕಿವಿ ಮಡಚಿದ್ದೀಯಲ್ಲೋ. ನಿನ್ನ ಕಿವಿ ಹಿಂಗೇ ಮಡಚಿ ನಾಳೆವರೆಗೆ ಇಡಲಾ?” ಎಂದು ನಯವಾಗಿ ಕೇಳುತ್ತಿದ್ದರು. ಅವರೇ ಗುರುತಿಗೆ ಇಡುತ್ತಿದ್ದದ್ದು ರೈಲಿನ ಟಿಕೆಟ್ಟು. ಹೀಗಾಗಿ ಆ ಗ್ರಂಥಾಲಯದ ಯಾವ ಪುಸ್ತಕ ಕೊಡವಿದರೂ ಬಾಣಾವರದಿಂದ ಅರಸೀಕೆರೆಗೆ ಒಂದು ಪ್ರಯಾಣ ಉದುರುತ್ತಿತ್ತು.

ಆ ಗ್ರಂಥಾಲಯದ ಕೊನೆಯಲ್ಲಿ, ಕಿಟಕಿಯ ಕೆಳಗೆ, ಮೊಣಕಾಲೆತ್ತರದ ಒಂದು ಮರದ ಕಪಾಟಿತ್ತು. ಒಮ್ಮೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ತೆಳ್ಳಗಿನ ಪತ್ರಿಕೆಗಳು. ಒಂದು ಕೃಷಿಯದು, ಒಂದು ಶಿಕ್ಷಕರದು, ಒಂದು ಯಾವುದೋ ನೌಕರರ ಸಂಘದ್ದು, ಎರಡು ಮೂರು ಸಾಹಿತ್ಯದ್ದು. ಎಲ್ಲದರ ಮೇಲೂ ‘ಸಂಪುಟ ೧, ಸಂಚಿಕೆ ೧’. ಎರಡನೆಯ ಸಂಚಿಕೆ ಯಾವುದಕ್ಕೂ ಇಲ್ಲ.

“ಉಳಿದ ಸಂಚಿಕೆ ಎಲ್ಲಿ ಮೇಡಂ?”

“ಬರಲಿಲ್ಲ. ಕಾಗದ ಬರೆದು ಬರೆದು ನೋಡಿದೆ. ಮೊದಲನೇದು ಬಂತು, ಅಷ್ಟೇ. ಹುಟ್ಟಿದವು, ಒಂದು ಸಲ ಅತ್ತವು, ಹೋದವು. ಬಾಲಗ್ರಹ.” ಕುಂಚ ತೆಗೆದು ಒಂದರ ಅಂಚು ಸವರಿದರು. “ಮೊದಲ ಸಂಚಿಕೆ ಯಾರು ಬೇಕಾದ್ರೂ ತರ್ತಾರೆ ಕಣ್ರೀ. ಉತ್ಸಾಹ ಸಾಕು. ಎರಡನೇದು ತಂದೋರೇ ಪತ್ರಿಕೆ ತಂದೋರು.”

ನಮಗೊಂದು ಪತ್ರಿಕೆ ಬೇಕು ಎಂಬ ಮಾತು ಹುಟ್ಟಿದ್ದು ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ. ಅವತ್ತು ನಮ್ಮ ಕಾಲೇಜಿನಲ್ಲಿ ಸುತ್ತಲಿನ ಗ್ರಂಥಪಾಲಕರಿಗೆ ಕಮ್ಮಟ. ದೂರದಿಂದ ಬಂದ ಪ್ರಾಧ್ಯಾಪಕರೊಬ್ಬರು ಇನ್ನು ಮುಂದೆ ಗ್ರಂಥಾಲಯವೆಲ್ಲ ಕ್ಲೌಡಿನಲ್ಲಿರುತ್ತದೆ ಎಂದು ಚಿತ್ರಗಳ ಸಮೇತ ಹೇಳಿ, ನುಣುಪು ಕಾಗದದ ಒಂದೊಂದು ಪತ್ರಿಕೆ ಕೈಗಿಟ್ಟು ಹೋಗಿದ್ದರು. ಹಳೇಬೀಡಿನ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ತಡವಾಗಿತ್ತು. ಮೇಡಂ ಆ ಪತ್ರಿಕೆಯನ್ನು ಒಂದು ಪುಟವೂ ಬಿಡದೆ ತಿರುವಿ, “ಇದರಲ್ಲಿ ಎಲ್ಲೂ ಧೂಳೇ ಇಲ್ಲ,” ಎಂದರು.

“ಪುಸ್ತಕ ಮೋಡದಾಗ್ ಇಡ್ತಾರಂತೆ ಮೇಡಂ,” ಎಂದ ರಂಗಸ್ವಾಮಿ. “ನಮ್ ಹಳೇಬೀಡಿನಾಗೆ ಮೋಡ ಬಂದ್ರೆ ಮೊದ್ಲು ಸೋರೋದೇ ಪುಸ್ತಕದ ಮ್ಯಾಲೆ.”

ಮೇಡಂ ನಕ್ಕರು. ನಕ್ಕು ಮುಗಿದ ಮೇಲೆ, “ಅದನ್ನೇ ಬರೀರಿ,” ಎಂದರು. “ಸೋರಿದಾಗ ನೀವು ಏನು ಮಾಡಿದ್ರಿ ಅಂತ. ಅದು ನನಗೆ ಬೇಕು. ಬೇಲೂರು ಸಾರ್‌ಗೂ ಬೇಕು. ಇಂಥದ್ದೊಂದು ಪತ್ರಿಕೆ ಇದ್ದಿದ್ರೆ ನಾನು ಅರ್ಧ ತಪ್ಪು ಮಾಡ್ತಿರಲಿಲ್ಲ.”

ನಾನು ತಕ್ಷಣ ನೋಂದಣಿ, ಅನುಮತಿ, ಕಾಗದ, ಅಂಚೆ, ನಷ್ಟ ಎಂದು ಶುರು ಮಾಡಿದೆ. ಬಸ್ಸು ಬಂತು. ಅವರು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, “ಚಿಂತೆ ಮಾಡೋ ಕೆಲಸ ನಿಮಗೆ ಕೊಟ್ಟಿದ್ದೀನಿ ಬೇಲೂರು ಸಾರ್. ಚೆನ್ನಾಗಿ ಮಾಡ್ತೀರಿ. ಮಿಕ್ಕಿದ್ದು ನಾವು ನೋಡ್ಕೋತೀವಿ,” ಎಂದರು. ನನ್ನ ಜೀವನದಲ್ಲಿ ಈ ಗುಣಕ್ಕೆ ಸಿಕ್ಕ ಒಂದೇ ಒಂದು ಹುದ್ದೆ ಅದು.

ಆಮೇಲೆ ಎರಡನೇ ಶನಿವಾರಗಳಲ್ಲಿ ರಜೆಯಿದ್ದಾಗ ಹಳೇಬೀಡಿನಲ್ಲಿ ಸೇರತೊಡಗಿದೆವು. ನನಗೂ ಅವರಿಗೂ ನಡುವೆ ಬೀಳುವ ಊರು ಅದು. ರಂಗಸ್ವಾಮಿಯ ಗ್ರಂಥಾಲಯ ಒಂದೇ ಕೋಣೆ. ಬಾಗಿಲಲ್ಲಿ ಕೂತರೆ ದೇವಸ್ಥಾನಕ್ಕೆ ಹೋಗುವ ಬರುವ ಪ್ರವಾಸಿಗಳೆಲ್ಲ ಕಾಣುತ್ತಾರೆ. ನಾವು ಪತ್ರಿಕೆಯ ಗುರಿ, ಉದ್ದೇಶ ಎಂದು ಗಂಭೀರವಾಗಿ ಮಾತಾಡುತ್ತಿದ್ದರೆ ಯಾರಾದರೂ ಇಣುಕಿ, “ಟಾಯ್ಲೆಟ್ ಎಲ್ಲಿದೆ?” ಎಂದು ಕೇಳುತ್ತಿದ್ದರು. ರಂಗಸ್ವಾಮಿ ತಲೆಯೆತ್ತದೆ ಕೈ ತೋರಿಸುತ್ತಿದ್ದ.

“ಒಂದು ದಿನಕ್ಕೆ ಹಿಂಗೆ ಎಷ್ಟು ಜನ ಕೇಳ್ತಾರೆ?” ಎಂದರು ಮೇಡಂ.

“ಪುಸ್ತಕ ಕೇಳೋರ್ಗಿಂತ ಜಾಸ್ತಿನೇ ಮೇಡಂ. ಅವರು ಬಿಟ್ರೆ ಬಸ್ ಟೈಮ್ ಕೇಳೋರು. ಆಮೇಲೆ ಆಧಾರ್ ತಿದ್ದುಪಡಿ ಎಲ್ ಮಾಡ್ತಾರೆ ಅನ್ನೋರು.”

“ಬರೀರಿ. ‘ಗ್ರಂಥಾಲಯಕ್ಕೆ ಬರುವವರು ಏನು ಕೇಳುತ್ತಾರೆ’. ಅವರು ಕೇಳೋದನ್ನೂ ಉತ್ತರ ಹೇಳಿ ಕಳಿಸಿದ್ರೆ ತಾನೆ ನಾಳೆ ಪುಸ್ತಕ ಕೇಳೋಕೆ ಬರೋದು?”

ನನ್ನ ಪಾಲಿಗೆ ಬಂದದ್ದು ಗೆದ್ದಲು. ಬೇಲೂರಿನ ನಮ್ಮ ಕಪಾಟುಗಳಿಗೆ ಗೆದ್ದಲು ಹಿಡಿದಾಗ ನಾನು ಮಾಡಿದ್ದನ್ನು ಬರೆಯಬೇಕಿತ್ತು. ಎಲ್ಲಿ ತಪ್ಪು ಹಿಡಿಯುತ್ತಾರೋ ಎಂದು ಬಹಳ ಓದಿ, ಅನಾದಿ ಕಾಲದಿಂದಲೂ ಮಾನವನು ಜ್ಞಾನವನ್ನು ಕಾಪಾಡಿಕೊಂಡು ಬಂದ ಬಗೆಯಿಂದ ಆರಂಭಿಸಿ, ತಾಳೆಗರಿ, ಓಲೆ, ಕಡತ ಎಲ್ಲ ದಾಟಿಕೊಂಡು ಬರೆದೆ. ಮೇಡಂ ತಾಳ್ಮೆಯಿಂದ ಒಂದು ಪುಟ, ಎರಡು ಪುಟ, ಮೂರನೆಯ ಪುಟ ತಿರುವಿದರು.

“ಗೆದ್ದಲು ಎಷ್ಟೊತ್ತಿಗೆ ಬರುತ್ತೆ ಸಾರ್?”

“ನಾಲ್ಕನೇ ಪುಟಕ್ಕೆ ಬರುತ್ತೆ ಮೇಡಂ.”

“ಅಷ್ಟರಲ್ಲಿ ಕಪಾಟು ತಿಂದು ಮುಗಿಸಿರುತ್ತೆ.”

ಅವರು ಮೊದಲ ಮೂರು ಪುಟಗಳನ್ನು ಕತ್ತರಿಸಲಿಲ್ಲ, ನಾನು ಬೇಸರ ಮಾಡಿಕೊಳ್ಳಬಾರದೆಂದು ನನಗೇ ಕತ್ತರಿ ಕೊಟ್ಟರು.

ಎಲ್ಲ ಲೇಖನಕ್ಕೂ ಅವರದೊಂದು ನಿಯಮವಿತ್ತು. ಕೊನೆಯಲ್ಲಿ ‘ಎಡವಟ್ಟು’ ಎಂಬ ತಲೆಬರಹದಡಿ, ಮಾಡಿದ್ದರಲ್ಲಿ ಏನು ಕೆಟ್ಟಿತು ಎಂದು ಬರೆಯಲೇಬೇಕು. ಬರೆಯದಿದ್ದರೆ ಲೇಖನ ಇಲ್ಲ. “ಎಲ್ಲ ಸರಿಹೋಯ್ತು ಅಂತ ಬರೆಯೋ ಪತ್ರಿಕೆ ನಮಗೆ ಆಗಲೇ ಬೇಕಾದಷ್ಟಿದೆ,” ಎನ್ನುತ್ತಿದ್ದರು. ರಂಗಸ್ವಾಮಿ ಬರೆದ: ಬಸ್ಸಿನ ವೇಳೆಯನ್ನು ಬೋರ್ಡಿನ ಮೇಲೆ ಹಾಕಿದೆ, ಬಸ್ಸಿನವರು ವೇಳೆ ಬದಲಿಸಿದರು, ಬಸ್ಸು ತಪ್ಪಿದವರೆಲ್ಲ ಬಂದು ಗ್ರಂಥಾಲಯಕ್ಕೆ ಬೈದರು, ಆದರೆ ಬೈಯಲು ಬಂದವರಲ್ಲಿ ಒಬ್ಬ ಸದಸ್ಯನಾದ. ನಾನು ಬರೆದೆ: ಔಷಧಿ ಹೊಡೆಸಿದ ಮೇಲೆ ಗೆದ್ದಲು ಸಾಯಲಿಲ್ಲ, ಗೋಡೆಯೊಳಗಿಂದಲೇ ಪ್ರಿನ್ಸಿಪಾಲರ ಕೋಣೆಗೆ ವರ್ಗವಾಗಿ ಹೋಯಿತು. ಬರೆದು ಎಷ್ಟೋ ದಿನ ನಿದ್ದೆ ಮಾಡಲಿಲ್ಲ. ಮೇಡಂ ಅದೊಂದು ಸಾಲನ್ನು ಓದಿ, “ಈಗ ಲೇಖನ ಆಯ್ತು,” ಎಂದರು.

ಇನ್ನೊಂದು ನಿಯಮ ಇದಕ್ಕಿಂತ ವಿಚಿತ್ರ. ಎರಡನೆಯ ಸಂಚಿಕೆ ಸಿದ್ಧವಾಗದೆ ಮೊದಲನೆಯದು ಅಚ್ಚಾಗಕೂಡದು. ಬಂದ ಲೇಖನಗಳಲ್ಲಿ ಚೆನ್ನಾಗಿರುವುದನ್ನೆಲ್ಲ ಎರಡನೆಯದಕ್ಕೆ ಎತ್ತಿಟ್ಟರು. ಸಂಪಾದಕೀಯವನ್ನೂ ಎರಡನೆಯದಕ್ಕೇ ಮೊದಲು ಬರೆದರು. ಅರಸೀಕೆರೆಯ ಪ್ರೆಸ್ಸಿನ ಶಿವಣ್ಣನಿಗೂ ಅದನ್ನೇ ಮೊದಲು ಕೊಟ್ಟು ಪುಟ ಕಟ್ಟಿಸಿದರು. ಮೊದಲ ಸಂಚಿಕೆ ಪ್ರೆಸ್ಸಿಗೆ ಹೋದದ್ದು ಒಂದು ತಿಂಗಳು ಕಳೆದು. “ಸೋಬಾನೆ ಹಾಡೋಕೆ ಮುಂಚೆ ನಾಮಕರಣದ ಅಡುಗೆ ಮಾಡ್ದಂಗಾಯ್ತಲ್ಲ ಮೇಡಂ!” ಎಂದು ಶಿವಣ್ಣ ನಗಾಡಿದ್ದ.

ಎರಡನೆಯದಕ್ಕೆ ಇಷ್ಟು ಅವಸರವೇಕೆಂದು ನನಗೆ ಗೊತ್ತಾದದ್ದು ಅರಸೀಕೆರೆಯ ರೈಲ್ವೆ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ. ಪ್ರೆಸ್ಸಿನ ಕೆಲಸ ಮುಗಿಸಿ ಅವರನ್ನು ರೈಲಿಗೆ ಬಿಡಲು ಹೋಗಿದ್ದೆ. ಬಾಣಾವರಕ್ಕೆ ಹೋಗುವ ಪ್ಯಾಸೆಂಜರು ಇನ್ನೂ ಬಂದಿರಲಿಲ್ಲ. ತಿಂಗಳ ಕೊನೆಗೆ ಅವರ ನಿವೃತ್ತಿ. ನಿಮ್ಮ ಜಾಗಕ್ಕೆ ಯಾರು ಬರುತ್ತಾರೆ ಮೇಡಂ ಎಂದು ಕೇಳಿದೆ, ಮಾತಿಗೆ ಕೇಳುವ ಹಾಗೆ.

“ಯಾರೂ ಬರಲ್ಲ ಸಾರ್. ನಮ್ಮ ಪೋಸ್ಟು ಯಾವಾಗ ತುಂಬಿದ್ದಾರೆ? ಕಾಮರ್ಸ್ ಮೇಷ್ಟ್ರಿಗೆ ಇನ್‌ಚಾರ್ಜ್ ಕೊಡ್ತಾರೆ. ಪಾಪ, ಅವರು ತಾನೆ ಏನು ಮಾಡ್ತಾರೆ, ಬೀಗದ ಕೈ ಡ್ರಾಯರಿನಲ್ಲಿ ಇಡ್ತಾರೆ.” ಹಳಿಯ ಕಡೆ ತಿರುಗಿದರು. “ಚಾರ್ಜು ಕೊಡೋ ಫಾರಮ್ಮಿನಲ್ಲಿ ಪುಸ್ತಕಕ್ಕೆ ಕಾಲಂ ಇದೆ. ಬೀರು, ಕುರ್ಚಿ, ಗೋಡೆ ಗಡಿಯಾರಕ್ಕೂ ಇದೆ. ಇಷ್ಟು ವರ್ಷ ಎಡವಿ ಎಡವಿ ಕಲಿತಿದ್ದೀನಲ್ಲ, ಅದನ್ನ ಯಾವ ಕಾಲಮ್ಮಿನಲ್ಲಿ ಬರೀಲಿ? ಯಾರ ಸಹಿ ತಗೊಳ್ಳಲಿ?”

ನಾನು ಚಿಂತೆ ಮಾಡುವವನು, ಸಮಾಧಾನ ಹೇಳುವವನಲ್ಲ.

“ಅದಕ್ಕೇ ಈ ಪತ್ರಿಕೆ,” ಎಂದರು. “ಇದೂ ಆ ಕಿಟಕಿ ಕೆಳಗಿನ ಕಪಾಟಿಗೆ ಹೋದರೆ, ನಾನು ಚಾರ್ಜು ಕೊಡದೇ ಹೋದ ಹಾಗೆ. ಮೊದಲನೇದಕ್ಕೆ ನಾನಿರ್ತೀನಿ, ಜನ ಬರ್ತಾರೆ, ಚಪ್ಪಾಳೆ ಹೊಡೀತಾರೆ. ಎರಡನೇದನ್ನ ಕೇಳೋರು ಯಾರು ಹೇಳಿ? ಸಿದ್ಧ ಮಾಡಿಟ್ಟಿದ್ದೀನಿ, ನಿಜ. ಕೇಳೋರಿಲ್ಲದೆ ಹೋದ್ರೆ ಶಿವಣ್ಣನ ಪ್ರೆಸ್ಸಿನಲ್ಲೇ ಕೂತಿರುತ್ತೆ.” ರೈಲು ಬಂತು. ಹತ್ತುವ ಮೊದಲು ಅಭ್ಯಾಸಬಲದಿಂದ ಟಿಕೆಟ್ಟನ್ನು ಕೈಯಲ್ಲಿದ್ದ ಪುಸ್ತಕದೊಳಗೆ ಇಟ್ಟರು.

ಆಮೇಲಿನ ವಾರವೆಲ್ಲ ನಾನು ಶಿವಣ್ಣನ ಪ್ರಾಣ ತಿಂದೆ. ಅಚ್ಚಿಗೆ ಹೋಗುವ ದಿನ ಜಾವಗಲ್ ದಾಟಿದ ಬಸ್ಸಿನಲ್ಲಿ ನಿಂತುಕೊಂಡು ಫೋನು ಮಾಡಿದೆ.

“ಶಿವಣ್ಣ, ಕಪಾಟಿನ ‘ಪ’ಗೆ ದೀರ್ಘ ಇದೆ ತಾನೆ?”

“ಐತೆ ಸಾರ್.”

“‘ಟ’ಗೆ ಕೊಂಬು?”

“ಕೊಂಬು ಬಾಲ ಎಲ್ಲ ಐತೆ ಸಾರ್, ಮೇಯಕ್ ಒಂದ್ ಬಿಟ್ಟಿಲ್ಲ. ಈಗ ಹಾಕೋದು ಮೊದ್ಲು ಕೊಟ್ಟಿದ್ದನ್ನ ತಾನೆ?”

“ಹೌದಪ್ಪ, ಮೊದಲನೇದೇ. ಮುಖಪುಟದ ಹಸಿರು ಜಾಸ್ತಿ ಗಾಢ ಆದೀತು ನೋಡು—”

ಅಷ್ಟರಲ್ಲಿ ಸಿಗ್ನಲ್ ಹೋಯಿತು. ಹಸಿರಿನ ಬಗ್ಗೆ ಹಳೇಬೀಡಿನವರೆಗೂ ಚಿಂತಿಸಿದೆ.

ಆ ದಿನ ಬಂತು. ಮಳೆ ಬರಲಿಲ್ಲ. ಮುಖ್ಯ ಅತಿಥಿಗಳು ಹಾಸನಕ್ಕೇ ಎಚ್ಚರವಾಗಿ, ಎದ್ದು ನಿಂತುಕೊಂಡೇ ಅರಸೀಕೆರೆಗೆ ಬಂದರು. ಮೈಕು ಸಭ್ಯವಾಗಿ ನಡೆದುಕೊಂಡಿತು. ಬಾಣಾವರ, ಕಣಕಟ್ಟೆ, ಹಗರೆ, ಎಲ್ಲೆಲ್ಲಿಂದಲೋ ಶಾಲೆ ಕಾಲೇಜು ಪಂಚಾಯಿತಿಗಳ ಗ್ರಂಥಪಾಲಕರು ಬಂದರು, ವಡೆ ಸರಿಹೋಯಿತು. ಅನುಮತಿ ಕೇಳುವವರು ಯಾರೂ ಏಳಲಿಲ್ಲ. ನಮ್ಮ ಪ್ರಿನ್ಸಿಪಾಲರು ಮದುವೆಗೆ ಹೋಗಿದ್ದರು. ಹಸಿರು ಹದವಾಗಿತ್ತು. ‘ಕಪಾಟು’ ದೀರ್ಘ ಕೊಂಬುಗಳೊಂದಿಗೆ ಅಖಂಡವಾಗಿತ್ತು. ಭೂಮಿ ನಡುಗಲಿಲ್ಲ.

ಮೇಡಂ ಮಾತಾಡಿದ್ದು ಬಹಳ ಕಡಿಮೆ. ಹಾರದ ಹೂವು ಪುಸ್ತಕದ ಮೇಲೆ ಉದುರುತ್ತದೆಂದು ತೆಗೆದು ಕುರ್ಚಿಗೆ ಹಾಕಿ, “ನಾನು ಕೊಡೋದೆಲ್ಲ ಇದರೊಳಗಿದೆ. ಓದಿ. ಓದಿ ಸುಮ್ಮನಾಗಬೇಡಿ,” ಎಂದು ಕೂತರು. ಅತಿಥಿಗಳು ಕಟ್ಟು ಬಿಚ್ಚಿ, ಒಂದು ಪ್ರತಿಯನ್ನು ಎತ್ತಿ ಹಿಡಿದರು. ಚಪ್ಪಾಳೆಯಾಯಿತು. ನಾನೂ ರಂಗಸ್ವಾಮಿಯೂ ಸಾಲು ಸಾಲಿಗೆ ಹೋಗಿ ಪ್ರತಿಗಳನ್ನು ಹಂಚಿದೆವು. ಜೇಬಿನಿಂದ ಹಾಳೆ ತೆಗೆದು ನೋಡಿದೆ. ಒಂದೂ ಆಗಿರಲಿಲ್ಲ. ಅಂಥ ಹಗುರವನ್ನು ನಾನು ಅನುಭವಿಸಿ ಎಷ್ಟೋ ವರ್ಷಗಳಾಗಿದ್ದವು.

ಈ ಬರಹವೂ ‘ತೆರೆದ ಕಪಾಟಿ’ಗೇ ಆದ್ದರಿಂದ, ನಿಯಮದ ಪ್ರಕಾರ ಇನ್ನು ಎಡವಟ್ಟು.

ಬೇರೆ ಜನ ಪತ್ರಿಕೆ ಕೈಗೆ ಬಂದರೆ ಚಿತ್ರ ನೋಡುತ್ತಾರೆ, ಹೆಸರು ನೋಡುತ್ತಾರೆ, ಬೆಲೆ ನೋಡುತ್ತಾರೆ. ಗ್ರಂಥಪಾಲಕರು ಮೊದಲು ನೋಡುವುದು ಸಂಪುಟ, ಸಂಚಿಕೆ. ಹಿಂದಿನದು ಬಂದಿದೆಯೋ ಇಲ್ಲವೋ ಎಂದು ತಾಳೆ ನೋಡದೆ ನಮ್ಮವರ ಕೈ ಮುಂದಕ್ಕೆ ಹೋಗುವುದಿಲ್ಲ. ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಹಗರೆಯ ಶಾಲೆಯವರು ಎದ್ದು ನಿಂತು, ಸಂಕೋಚದಿಂದ, “ಮೇಡಂ, ನಮಗೆ ಒಂದನೇದು ತಲುಪಿಲ್ಲ,” ಎಂದರು.

“ನಮಗೂ ಬಂದಿಲ್ಲ,” ಎಂದು ಹಿಂದಿನ ಸಾಲು.

“ನಮಗೂ ಇಲ್ಲ ಮೇಡಂ. ಬಸ್ಸಿನಲ್ಲಿ ಹಾಕಿದ್ರಾ? ಕಂಡಕ್ಟರು ಕೊಟ್ಟೇ ಇಲ್ಲ.”

“ಎಲ್ಲಾರ್ಗೂ ಕೊಟ್ಟು ನಮ್ಗೊಬ್ಬರ್ಗೆ ಬಿಟ್ರಾ ಹೆಂಗೆ?”

ಪ್ರತಿಯನ್ನು ಕಣ್ಣಿನ ಹತ್ತಿರ ತಂದೆ. ಮುಖಪುಟದ ಮೂಲೆಯಲ್ಲಿ, ಹದವಾದ ಹಸಿರಿನ ಮೇಲೆ, ‘ಸಂಪುಟ ೧, ಸಂಚಿಕೆ ೨’.

ಮೊದಲು ಕೊಟ್ಟದ್ದು. ಶಿವಣ್ಣ ಮೊದಲು ಕೊಟ್ಟದ್ದನ್ನೇ ಅಚ್ಚು ಹಾಕಿದ್ದ. ನಾನು ಮೊದಲನೆಯದು ಎಂದಿದ್ದೆ, ಅವನು ಮೊದಲು ಕೊಟ್ಟದ್ದು ಎಂದಿದ್ದ, ಇಬ್ಬರೂ ಒಂದೇ ಮಾತು ಆಡಿದೆವೆಂದು ತಿಳಿದುಕೊಂಡಿದ್ದೆವು. ಒಳಗೆ ಸಂಪಾದಕೀಯದ ಕೊನೆಗೆ ಮೇಡಂ ಮುಂಚೆಯೇ ಬರೆದಿಟ್ಟಿದ್ದ ಸೂಚನೆಯೂ ಚೆಂದವಾಗಿ ಅಚ್ಚಾಗಿತ್ತು: ಮೊದಲ ಸಂಚಿಕೆ ತಲುಪದವರು ಬೇಲೂರಿನ ವಿಳಾಸಕ್ಕೆ ಬರೆದರೆ ಕಳಿಸಿಕೊಡಲಾಗುವುದು.

ನನಗೆ ವೇದಿಕೆಯ ಕಡೆ ನೋಡುವ ಧೈರ್ಯ ಮಾಡಲು ಸ್ವಲ್ಪ ಹೊತ್ತು ಹಿಡಿ­ಯಿತು. ಮೇಡಂ ಕನ್ನಡಕ ಮೇಲೇರಿಸಿ ಮುಖಪುಟ ನೋಡುತ್ತಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಂತೆ.

“ಮೇಡಂ, ನನ್ನಿಂದಲೇ…”

“ಸುಮ್ಮನಿರಿ. ಕೇಳಿಸ್ತಾ ಇಲ್ವಾ?” ಸಭೆಯ ಕಡೆ ಕೈ ಮಾಡಿದರು. ಅಲ್ಲಿ ಇನ್ನೂ ಒಬ್ಬೊಬ್ಬರೇ ಏಳುತ್ತಿದ್ದರು. ಬಂದಿಲ್ಲ, ತಲುಪಿಲ್ಲ, ಬೇಕು. “ಕೇಳೋರು ಯಾರು ಅಂದಿದ್ನಲ್ಲ.”

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವರು ಒಂದು ಪ್ರತಿ ಹಿಡಿದುಕೊಂಡು ಕಿಟಕಿಯ ಕೆಳಗಿನ ಕಪಾಟಿನ ಹತ್ತಿರ ಹೋದರು. ಕುಕ್ಕರುಗಾಲಲ್ಲಿ ಕೂತು, ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಪ್ರತಿಯನ್ನು ಒಂದು ಸಂದಿಯ ಹತ್ತಿರ ತಂದು, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

“ಇಲ್ಲಿ ಸೇರಲ್ಲ ಇದು,” ಎಂದರು. “ಇಲ್ಲಿರೋದೆಲ್ಲ ಒಂದನೇದು.” ಎದ್ದು, ಮೇಲಂಚನ್ನು ಉಫ್ ಎಂದು ಊದಿದರು, ಹೊಸ ಪತ್ರಿಕೆ, ಧೂಳೇನೂ ಇರಲಿಲ್ಲ. ನನ್ನ ಕೈಗೆ ಕೊಟ್ಟರು. “ತಗೊಳ್ಳಿ ಬೇಲೂರು ಸಾರ್. ಒಂದು ಬಾಕಿ ಇದೆ ಅಂತ ಗೊತ್ತಾದ ಮೇಲೆ ಲೈಬ್ರರಿಯೋರು ಬಿಡಲ್ಲ ನಿಮ್ಮನ್ನ.”

ಬಿಡಲಿಲ್ಲ. ವಾಟ್ಸಪ್ಪಿನಲ್ಲಿ, ಫೋನಿನಲ್ಲಿ, ಬಸ್ಸಿನ ಡ್ರೈವರುಗಳ ಬಾಯಿಯಲ್ಲಿ ಬೇಡಿಕೆ ಬಂತು. ಆದರೆ ಬೇಲೂರಿನ ವಿಳಾಸಕ್ಕೆ ಅಂಚೆಯಲ್ಲಿ, ಕ್ರಮಬದ್ಧವಾಗಿ, ಎಲ್ಲರಿಗಿಂತ ಮುಂಚೆ ಬಂದದ್ದು ಒಂದು ಕಾರ್ಡು. ಕಳಿಸಿದವರ ಹೆಸರಿರಲಿಲ್ಲ, ಊರು ಮಾತ್ರ ಇತ್ತು: ಬಾಣಾವರ. ಪರಿಚಿತವಾದ ದುಂಡನೆಯ ಅಕ್ಷರಗಳಲ್ಲಿ ಒಂದೇ ಸಾಲು.

‘ಸಂಪುಟ ೧, ಸಂಚಿಕೆ ೧ ಈವರೆಗೆ ತಲುಪಿಲ್ಲ. ದಯವಿಟ್ಟು ಕಳಿಸಿ.’